ಕ್ಯಾಮೆರಾ ಹಿಡಿದವರಿಗೆ 20 ಅಂಕದ ಪರೀಕ್ಷೆ: ಕಿಡ್ರಾಪ್ ಪ್ರಕರಣದ ಅಧ್ಯಯನ

ಬೀದರಿನಲ್ಲೋ ಕೊಪ್ಪಳದಲ್ಲೋ ಏಳು ತಿಂಗಳಿಗೇ ಒಂದು ಮಗು ಹುಟ್ಟಿತು ಅಂದುಕೊಳ್ಳಿ. ತೂಕ ಒಂದೂಕಾಲು ಕಿಲೋ. ಹಿಂದೆಲ್ಲ ಇಂಥ ಮಗು ಉಳಿಯುವುದೇ ಕಷ್ಟವಿತ್ತು. ಈಗ ಜಿಲ್ಲಾ ಆಸ್ಪತ್ರೆಯಲ್ಲೇ ನವಜಾತ ಶಿಶುಗಳ ವಿಶೇಷ ಘಟಕ ಇದೆ. ಎಸ್‌ಎನ್‌ಸಿಯು ಅಂತಾರೆ. ಅಲ್ಲಿ ಮಗುವನ್ನು ಬೆಚ್ಚಗೆ ಇಡುತ್ತಾರೆ, ಆಕ್ಸಿಜನ್ ಕೊಡುತ್ತಾರೆ, ನಳಿಕೆಯಲ್ಲಿ ಹಾಲು ಹಾಕುತ್ತಾರೆ. ಕೆಲವು ವಾರಕ್ಕೆ ಮಗು ತಾನೇ ಹಾಲು ಕುಡಿಯುತ್ತದೆ, ತೂಕ ಏರುತ್ತದೆ. ಮನೆಗೆ ಕಳಿಸುತ್ತಾರೆ. ಅಮ್ಮನಿಗೂ ಖುಷಿ, ನರ್ಸಿಗೂ ಖುಷಿ.

ಆ ಹೊತ್ತಿಗೆ ಮಗುವಿನ ಕಣ್ಣಿನೊಳಗೆ ಏನು ನಡೆಯುತ್ತಿದೆ ಅನ್ನುವುದು ಹೊರಗಿನಿಂದ ಕಾಣುವುದಿಲ್ಲ. ಕಣ್ಣಿನ ಹಿಂಭಾಗದ ಪದರ ರೆಟಿನಾ. ಗರ್ಭದಲ್ಲಿ ಅದರ ರಕ್ತನಾಳಗಳು ನಡುವಿನಿಂದ ಹೊರಟು ಅಂಚಿನ ಕಡೆಗೆ ಬೇರಿನ ಹಾಗೆ ಹರಡುತ್ತಾ ಹೋಗುತ್ತವೆ. ಪೂರ್ತಿ ಅಂಚು ಮುಟ್ಟಲು ಸುಮಾರು 40 ವಾರ ಬೇಕು. ಮಗು 30 ವಾರಕ್ಕೇ ಹೊರಬಂದರೆ ನಾಳಗಳಿನ್ನೂ ದಾರಿಯಲ್ಲೇ ಇರುತ್ತವೆ. ಆಮೇಲೆ ಆಕ್ಸಿಜನ್ ಜಾಸ್ತಿ ಆದರೆ ಅವು ಬೆಳೆಯುವುದನ್ನೇ ನಿಲ್ಲಿಸುತ್ತವೆ. ಇತ್ತ ರೆಟಿನಾ ದಿನೇದಿನೇ ಬಲಿಯುತ್ತಿರುತ್ತದೆ, ಅದಕ್ಕೆ ರಕ್ತ ಬೇಕು. ಕೊನೆಗೆ ಅಡ್ಡಾದಿಡ್ಡಿಯಾಗಿ ಹೊಸ ನಾಳಗಳು ಹುಟ್ಟುತ್ತವೆ, ಒಡೆಯುತ್ತವೆ, ಗಾಯದ ಕಲೆಯಾಗಿ ರೆಟಿನಾವನ್ನು ಎಳೆಯುತ್ತವೆ. ರೆಟಿನಾ ಕಿತ್ತುಬಂದರೆ ಕಣ್ಣು ಹೋದ ಹಾಗೆಯೇ. ಇದಕ್ಕೆ ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ ಎಂದು ಹೆಸರು. ಡಾಕ್ಟರುಗಳ ಬಾಯಲ್ಲಿ ಆರ್‌ಒಪಿ. ತಜ್ಞರಿಲ್ಲದ ಊರಿನ ಮಕ್ಕಳಲ್ಲಿ ಇದನ್ನು ಕ್ಯಾಮೆರಾದಿಂದ ಹಿಡಿಯಲು ಹೊರಟ ಕಾರ್ಯಕ್ರಮವೇ ಕಿಡ್ರಾಪ್.

ಸರಿಯಾದ ಹೊತ್ತಿಗೆ ಸಿಕ್ಕರೆ ಲೇಸರ್ ಹಾಕಿ ತಡೆಯಬಹುದು. ಆ 'ಸರಿಯಾದ ಹೊತ್ತು' ಬಹಳ ಚಿಕ್ಕದು. ಚಿಕಿತ್ಸೆ ಬೇಕು ಅಂತ ಗೊತ್ತಾದ ಮೇಲೆ ಎರಡು ಮೂರು ದಿನದೊಳಗೆ ಲೇಸರ್ ಆಗಬೇಕು. ಅದಕ್ಕೇ ನಮ್ಮ ದೇಶದ ನಿಯಮ ಹೀಗಿದೆ: 2000 ಗ್ರಾಂಗಿಂತ ಕಡಿಮೆ ತೂಕ ಅಥವಾ 34 ವಾರಕ್ಕಿಂತ ಮೊದಲು ಹುಟ್ಟಿದ ಮಗುವಿನ ಕಣ್ಣನ್ನು 30 ದಿನದೊಳಗೆ ನೋಡಲೇಬೇಕು. ತೀರಾ ಚಿಕ್ಕದಾದರೆ ಎರಡು ಮೂರು ವಾರಕ್ಕೇ ನೋಡಬೇಕು. ಅಮೆರಿಕದಲ್ಲಿ ಈ ಗೆರೆ 1500 ಗ್ರಾಂ, 30 ವಾರ. ನಮ್ಮಲ್ಲಿ ಗೆರೆ ಯಾಕೆ ಅಷ್ಟು ಮೇಲಿದೆ ಅಂದರೆ, ನಮ್ಮಲ್ಲಿ ಸ್ವಲ್ಪ ದಪ್ಪಗಿರುವ ಮಕ್ಕಳಿಗೂ ಈ ರೋಗ ಜೋರಾಗಿ ಬರುತ್ತದೆ. ಆಕ್ಸಿಜನ್ ಅಳತೆ ಮಾಡಿ ಕೊಡುವ ವ್ಯವಸ್ಥೆ ಎಲ್ಲ ಘಟಕಗಳಲ್ಲಿ ಒಂದೇ ಸಮ ಇಲ್ಲ ಅನ್ನುವುದು ಇದಕ್ಕೊಂದು ಕಾರಣ.

ಒಂದು ಹಳೇ ಕತೆಯನ್ನು ಇಲ್ಲೇ ಹೇಳಿಬಿಡುತ್ತೇನೆ. 1942ರಲ್ಲಿ ಬಾಸ್ಟನ್‌ನ ಟೆರ್ರಿ ಎಂಬ ವೈದ್ಯರು ಈ ರೋಗವನ್ನು ಮೊದಲು ವಿವರಿಸಿದರು. ಆಗಿನ ಹೊಸ ತಂತ್ರಜ್ಞಾನ ಅಂದರೆ ಶಿಶುವಿನ ಗಾಜಿನ ಪೆಟ್ಟಿಗೆ, ಅದರೊಳಗೆ ಧಾರಾಳ ಆಕ್ಸಿಜನ್. 1950ರಲ್ಲಿ ದಿನ ತುಂಬದೆ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಕಣ್ಣು ಕಳೆದುಕೊಂಡದ್ದು ಇದೇ ರೋಗದಿಂದ. 1953–54ರ ಒಂದು ದೊಡ್ಡ ಪ್ರಯೋಗದಲ್ಲಿ ಆಕ್ಸಿಜನ್ನೇ ಕಾರಣ ಅಂತ ಸ್ಪಷ್ಟವಾಯಿತು. ಕೂಡಲೇ ಎಲ್ಲೆಡೆ ಆಕ್ಸಿಜನ್ ಕಡಿತ ಮಾಡಿದರು. ಕುರುಡುತನ ಇಳಿಯಿತು, ಆದರೆ ಶಿಶುಗಳ ಸಾವು ಏರಿತು. ಒಂದೇ ಅಂಕಿಯನ್ನು ನೋಡುತ್ತಾ ಕೂತರೆ ಇನ್ನೊಂದು ಕಡೆ ಆಗುವ ನಷ್ಟ ಕಣ್ಣಿಗೆ ಬೀಳುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಕಹಿ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ನಮ್ಮ ಬೀದರಿನ ಮಗುವಿನ ಹತ್ತಿರ ಬರೋಣ. 30 ದಿನದೊಳಗೆ ಕಣ್ಣು ನೋಡಬೇಕು, ಸರಿ. ನೋಡುವವರು ಯಾರು? ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಲೆನ್ಸ್ ಹಿಡಿದು, ಅಷ್ಟು ಪುಟ್ಟ ಕಣ್ಣಿನ ಅಂಚಿನವರೆಗೆ ನೋಡಬಲ್ಲ ಆರ್‌ಒಪಿ ತಜ್ಞರು ರಾಜ್ಯದಲ್ಲಿ ಕೈಬೆರಳಲ್ಲಿ ಎಣಿಸುವಷ್ಟೇ ಇದ್ದರು. ಅವರಲ್ಲೂ ಹೆಚ್ಚಿನವರು ಇದ್ದದ್ದು ದೊಡ್ಡ ಊರುಗಳಲ್ಲಿ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ಒಂದೂಕಾಲು ಕಿಲೋ ಮಗುವನ್ನು ರಾತ್ರಿ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಆ ವಾರ 'ಏನಿಲ್ಲ, ಮುಂದಿನ ವಾರ ಬನ್ನಿ' ಅನ್ನಿಸಿಕೊಂಡು ಬರುವುದು ಯಾರಿಂದ ಆಗುತ್ತದೆ?

ಸಂತೆಯ ಹಾಗೆ ವಾರಕ್ಕೊಂದು ದಿನ

2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ಮುಂದಾಳತ್ವದಲ್ಲಿ ಕಿಡ್ರಾಪ್ ಶುರುವಾಯಿತು. ಡಾ. ಕೆ. ಭುಜಂಗ ಶೆಟ್ಟಿ ಕಟ್ಟಿದ ಆ ಆಸ್ಪತ್ರೆ ಕನ್ನಡಿಗರಿಗೆ ಹೆಚ್ಚಾಗಿ ಗೊತ್ತಿರುವುದು ನೇತ್ರದಾನದಿಂದ. ರಾಜ್‌ಕುಮಾರ್ ಕಣ್ಣು, ಆಮೇಲೆ ಪುನೀತ್ ಕಣ್ಣು ಹೋದದ್ದು ಅಲ್ಲಿಗೇ. ಕಿಡ್ರಾಪ್ ಅಂದರೆ ಕರ್ನಾಟಕ ಇಂಟರ್ನೆಟ್ ಅಸಿಸ್ಟೆಡ್ ಡಯಾಗ್ನೋಸಿಸ್ ಆಫ್ ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ. ಹೆಸರು ಉದ್ದ, ಯೋಚನೆ ಸರಳ. ತಜ್ಞರು ಹಳ್ಳಿಗೆ ಹೋಗಲಾಗದಿದ್ದರೆ ಕಣ್ಣಿನ ಚಿತ್ರ ತಜ್ಞರ ಹತ್ತಿರ ಬರಲಿ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜತೆ ಸೇರಿ ಅದು ಉತ್ತರ ಕರ್ನಾಟಕಕ್ಕೂ ಹರಡಿತು.

ಉಪಕರಣದ ಹೆಸರು ರೆಟ್‌ಕ್ಯಾಮ್ ಶಟಲ್. ಅಮೆರಿಕದ ಕ್ಲಾರಿಟಿ ಕಂಪನಿಯದು. ಮಗುವಿನ ಕಣ್ಣಿಗೆ ಪಾಪೆ ಅಗಲಿಸುವ ಹನಿ, ಮರಗಟ್ಟಿಸುವ ಹನಿ ಹಾಕಬೇಕು. ರೆಪ್ಪೆ ಬಿಡಿಸಿ ಹಿಡಿಯುವ ಪುಟ್ಟ ಕ್ಲಿಪ್ ಇಡಬೇಕು. ಜೆಲ್ ಹಚ್ಚಿ ಕ್ಯಾಮೆರಾದ ತುದಿಯನ್ನು ಕಣ್ಣಿಗೇ ತಾಗಿಸಬೇಕು. ಒಂದೇ ಚಿತ್ರದಲ್ಲಿ 130 ಡಿಗ್ರಿಯಷ್ಟು ಅಗಲದ ರೆಟಿನಾ ಕಾಣುತ್ತದೆ. ತುದಿಯನ್ನು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ವಾಲಿಸಿದರೆ ಅಂಚೂ ಸಿಗುತ್ತದೆ. ಒಂದೊಂದು ಆಸ್ಪತ್ರೆಗೂ ಒಂದೊಂದು ಕೊಡಿಸುವಂಥ ಬೆಲೆಯ ಯಂತ್ರ ಇದಲ್ಲ. ಹಾಗಾಗಿ ಯಂತ್ರವನ್ನು ಗಾಡಿಯಲ್ಲಿ ಇಟ್ಟುಕೊಂಡು ತಂಡವೇ ಊರೂರು ಸುತ್ತಿತು. ವಾರದ ಸಂತೆಯ ಹಾಗೆ, ಇಂಥ ಊರಿಗೆ ಇಂಥ ದಿನ. ಎಲ್ಲದರಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ. ಇಂಟರ್ನೆಟ್ಟಿಗಿಂತ ಈ ದಿನ ಗೊತ್ತುಮಾಡಿದ್ದೇ ದೊಡ್ಡ ತಂತ್ರಜ್ಞಾನ ಅಂತ ನನ್ನ ಅನಿಸಿಕೆ. ಸೋಮವಾರ ಕ್ಯಾಮೆರಾ ಬರುತ್ತದೆ ಅಂತ ಗೊತ್ತಿದ್ದರೆ ನರ್ಸ್ ಬಾಣಂತಿಗೆ 'ಸೋಮವಾರ ಮಗೂನ ಕರ್ಕೊಂಡು ಬಾ' ಅನ್ನಬಹುದು. 'ಕ್ಯಾಮೆರಾ ಬಂದಾಗ ಹೇಳ್ತೀವಿ' ಅಂದರೆ ಯಾರೂ ಬರುವುದಿಲ್ಲ.

ಕ್ಯಾಮೆರಾ ಹಿಡಿದವರು ಡಾಕ್ಟರ್ ಅಲ್ಲ, ತರಬೇತಿ ಪಡೆದ ಟೆಕ್ನಿಶಿಯನ್. ಚಿತ್ರ ತೆಗೆಯುವುದರ ಜತೆಗೆ ಅವರು ಅಲ್ಲೇ ಒಂದು ತೀರ್ಮಾನವನ್ನೂ ಕೊಡಬೇಕು. ಟ್ರಾಫಿಕ್ ಸಿಗ್ನಲ್ ಹಾಗೆ ಮೂರೇ ದಾರಿ. ಕೆಂಪು ಅಂದರೆ ಚಿಕಿತ್ಸೆ ಬೇಕು. ಕಿತ್ತಳೆ ಅಂದರೆ ಮತ್ತೆ ನೋಡಬೇಕು. ಹಸಿರು ಅಂದರೆ ಇನ್ನು ಬರಬೇಕಿಲ್ಲ. ಚಿತ್ರಗಳು ಸರ್ವರ್‌ಗೆ ಏರಿ ದೂರದ ತಜ್ಞರ ಐಫೋನಿಗೆ ಬರುತ್ತವೆ. ಅವರು ನೋಡಿ ವರದಿ ಕೊಡುತ್ತಾರೆ.

ಪರೀಕ್ಷೆಗೆ ಕೂರಿಸಿದ್ದು ಯಾರನ್ನು?

ಹೊಸ ವೈದ್ಯಕೀಯ ಉಪಕರಣ ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು, ಯಂತ್ರ ಎಷ್ಟು ಚೆನ್ನಾಗಿದೆ ಅಂತ. ಚಿತ್ರ ಎಷ್ಟು ಸ್ಪಷ್ಟ, ಎಷ್ಟು ಮೆಗಾಪಿಕ್ಸೆಲ್, ಎಷ್ಟು ಡಿಗ್ರಿ. ಕಿಡ್ರಾಪ್ ಅಳೆಯಲು ಹೊರಟಿದ್ದು ಬೇರೆಯದನ್ನು. ಟೆಕ್ನಿಶಿಯನ್ನಿನ ತೀರ್ಮಾನ ತಜ್ಞರ ತೀರ್ಮಾನಕ್ಕೆ ಎಷ್ಟು ಹೊಂದುತ್ತದೆ ಅನ್ನುವುದನ್ನು. ಅದಕ್ಕಾಗಿ 20 ಅಂಕದ ಒಂದು ಪರೀಕ್ಷೆಯನ್ನು ತಾವೇ ರೂಪಿಸಿದರು. ಸ್ಟ್ಯಾಟ್ ಸ್ಕೋರ್ ಅಂತ ಹೆಸರು. ಚಿತ್ರ ತೆಗೆಯುವುದಕ್ಕೂ ಮುಂದೇನು ಅಂತ ತೀರ್ಮಾನಿಸುವುದಕ್ಕೂ ಸೇರಿಸಿ ಅಂಕ. ಅಂಕದ ಮೇಲೆ ಒಂದನೇ, ಎರಡನೇ, ಮೂರನೇ ಹಂತ. ಮೂರನೇ ಹಂತ ಮುಟ್ಟಿದವರೇ ಪಳಗಿದವರು.

ಫಲಿತಾಂಶ 2014ರಲ್ಲಿ ಭಾರತೀಯ ನೇತ್ರವೈದ್ಯರ ಪತ್ರಿಕೆಯಲ್ಲಿ ಬಂತು. ಆಗ ಮೂರು ವಲಯಗಳ 81 ಶಿಶು ಘಟಕಗಳಲ್ಲಿ ಕೆಲಸ ನಡೆಯುತ್ತಿತ್ತು. ಲೆಕ್ಕಕ್ಕೆ ತೆಗೆದುಕೊಂಡದ್ದು 1601 ಶಿಶುಗಳ 6339 ತಪಾಸಣೆ. ಮೂರನೇ ಹಂತದ ಟೆಕ್ನಿಶಿಯನ್ ತಜ್ಞರ ತೀರ್ಮಾನಕ್ಕೆ ಶೇ. 94.3ರಷ್ಟು ಸಲ ಹೊಂದಿಕೆಯಾದರು. ಚಿಕಿತ್ಸೆ ಬೇಕಾದ ರೋಗವನ್ನು ಹಿಡಿಯುವುದರಲ್ಲಿ ಸೆನ್ಸಿಟಿವಿಟಿ ಶೇ. 95.7, ಸ್ಪೆಸಿಫಿಸಿಟಿ ಶೇ. 93.2. ಚಿಕಿತ್ಸೆ ಬೇಕಿದ್ದ ಶಿಶುಗಳಲ್ಲಿ ತಪ್ಪಿಹೋದದ್ದು ಶೇ. 0.4 ಮಾತ್ರ.

ಇಷ್ಟು ಓದಿ 'ವಾಹ್' ಅಂದು ಪುಟ ತಿರುಗಿಸುವವರೇ ಜಾಸ್ತಿ. ಸ್ವಲ್ಪ ನಿಲ್ಲೋಣ. ಈ ಅಂಕಿಗಳನ್ನು ಬಿಡಿಸಿ ನೋಡಿದರೆ ಇನ್ನೂ ಬಹಳ ಇದೆ.

ಸೆನ್ಸಿಟಿವಿಟಿ ಅಂದರೆ ನಿಜವಾಗಿ ರೋಗ ಇರುವ ನೂರರಲ್ಲಿ ಎಷ್ಟನ್ನು ಹಿಡಿದಿರಿ ಅನ್ನುವುದು. ಸ್ಪೆಸಿಫಿಸಿಟಿ ಅಂದರೆ ರೋಗ ಇಲ್ಲದ ನೂರರಲ್ಲಿ ಎಷ್ಟಕ್ಕೆ ಸರಿಯಾಗಿ 'ಇಲ್ಲ' ಅಂದಿರಿ ಅನ್ನುವುದು. ಇವೆರಡರ ಜತೆ ಇನ್ನೊಂದು ಅಂಕಿ ಕೊಟ್ಟಿದ್ದಾರೆ. ಟೆಕ್ನಿಶಿಯನ್ 'ಕೆಂಪು' ಅಂದದ್ದರಲ್ಲಿ ನಿಜವಾಗಿ ಕೆಂಪಾಗಿದ್ದದ್ದು ಶೇ. 81.5. ಈ ಮೂರನ್ನು ಕೂಡಿಸಿ ಲೆಕ್ಕ ಹಾಕಿದರೆ, ಅವರು ನೋಡಿದ್ದರಲ್ಲಿ ಸುಮಾರು ಶೇ. 24ರಷ್ಟು ಚಿಕಿತ್ಸೆ ಬೇಕಾದವೇ ಆಗಿರಬೇಕು ಅಂತ ಬರುತ್ತದೆ. ಪೆನ್ನು ಹಿಡಿದು ನೋಡಿ. ಸಾವಿರ ತಪಾಸಣೆ ಅಂದುಕೊಳ್ಳಿ. 240ರಲ್ಲಿ ರೋಗ ಇದೆ, ಅದರಲ್ಲಿ 230 ಸಿಕ್ಕವು, 10 ತಪ್ಪಿದವು. ಉಳಿದ 760ರಲ್ಲಿ 708ಕ್ಕೆ 'ಇಲ್ಲ' ಅಂದರು, 52ಕ್ಕೆ ಸುಮ್ನೆ ಕೆಂಪು ಅಂದರು. ಒಟ್ಟು ಕೆಂಪು 282, ಅದರಲ್ಲಿ ನಿಜ 230. ಸರಿಯಾಗಿ ಕೂರುತ್ತದೆ.

ಈಗ ಅದೇ ಟೆಕ್ನಿಶಿಯನ್ನನ್ನು, ಅದೇ ಕ್ಯಾಮೆರಾ ಸಮೇತ, ರೋಗ ಕಡಿಮೆ ಇರುವ ಕಡೆ ಕಳಿಸಿ. ಸಾವಿರಕ್ಕೆ 50 ಮಾತ್ರ ಅಂದುಕೊಳ್ಳೋಣ. 48 ಸಿಗುತ್ತವೆ, 2 ತಪ್ಪುತ್ತವೆ. ಆದರೆ ಉಳಿದ 950ರಲ್ಲಿ 65ಕ್ಕೆ ಸುಳ್ಳು ಕೆಂಪು ಬೀಳುತ್ತದೆ. ಕೆಂಪು ಅಂದ 113ರಲ್ಲಿ ನಿಜ ಬರೀ 48. ಅರ್ಧಕ್ಕಿಂತ ಕಡಿಮೆ! ಕ್ಯಾಮೆರಾ ಕೆಟ್ಟಿಲ್ಲ, ಕೈ ಕೆಟ್ಟಿಲ್ಲ, ಊರು ಬದಲಾಯಿತು ಅಷ್ಟೇ. 'ಶೇ. 95 ನಿಖರ' ಅಂತ ಕರಪತ್ರ ತೋರಿಸುವವರನ್ನು ನಾನು ಮೊದಲು ಕೇಳುವುದು ಇದನ್ನೇ: ಎಲ್ಲಿ, ನೂರಕ್ಕೆ ಎಷ್ಟು ಜನರಿಗೆ ರೋಗ ಇದ್ದ ಕಡೆ?

ಸುಳ್ಳು ಕೆಂಪಿಗೆ ತೆರಬೇಕಾದ ಬೆಲೆಯೂ ಊರಿಂದ ಊರಿಗೆ ಬೇರೆ. ಕಿಡ್ರಾಪ್‌ನಲ್ಲಿ ಕೆಂಪು ಬಿದ್ದರೆ ತಜ್ಞರು ಫೋನಿನಲ್ಲಿ ಚಿತ್ರ ನೋಡುತ್ತಾರೆ, ಬೇಡ ಅನ್ನಿಸಿದರೆ ಅಲ್ಲಿಗೇ ಮುಗಿಯಿತು. ಖರ್ಚು ಎರಡು ನಿಮಿಷ. ಕೆಂಪು ಬಿದ್ದ ಕೂಡಲೇ 'ಬೆಂಗಳೂರಿಗೆ ಹೋಗಿ' ಅಂತ ಚೀಟಿ ಬರೆದು ಕೊಡುವ ವ್ಯವಸ್ಥೆಯಾದರೆ? ಅಲ್ಲಿ ಒಂದೊಂದು ಸುಳ್ಳು ಕೆಂಪಿಗೂ ಬಸ್ ಚಾರ್ಜು, ಎರಡು ದಿನದ ಕೂಲಿ, ಮನೆಯಲ್ಲಿ ಬಿಟ್ಟುಬಂದ ದೊಡ್ಡ ಮಗು. ಎರಡು ಸಲ ಹೀಗಾದರೆ ಮೂರನೇ ಸಲ ಆ ಊರಿನವರು ಹೊರಡುವುದಿಲ್ಲ. ಸ್ಪೆಸಿಫಿಸಿಟಿ ಅಂಕಿ ಒಂದೇ, ನೋವು ಬೇರೆ.

ಇನ್ನೊಂದು ವಿಷಯ ಮೊದಲ ಓದಿನಲ್ಲಿ ನನಗೆ ಗೊಂದಲ ಮಾಡಿತು. ಸೆನ್ಸಿಟಿವಿಟಿ ಶೇ. 95.7 ಅಂದರೆ ನೂರಕ್ಕೆ ನಾಲ್ಕು ತಪ್ಪಬೇಕಲ್ವಾ? ಹಾಗಿದ್ದರೆ ತಪ್ಪಿದ ಶಿಶು ಶೇ. 0.4 ಹೇಗೆ? ನಾನು ಅರ್ಥ ಮಾಡಿಕೊಂಡದ್ದು ಹೀಗೆ. 6339 ತಪಾಸಣೆಯನ್ನು 1601 ಶಿಶುಗಳಿಗೆ ಹಂಚಿದರೆ ತಲೆಗೆ ಸುಮಾರು ನಾಲ್ಕು. ಒಂದು ಸಲ ಕಣ್ಣು ತಪ್ಪಿಸಿದ್ದು ಮುಂದಿನ ವಾರ ಸಿಗುತ್ತದೆ, ಮೇಲಿಂದ ತಜ್ಞರ ಕಣ್ಣು ಬೇರೆ ಇದೆ. ಅಂದರೆ ಶೇ. 0.4 ಅನ್ನುವುದು ಕ್ಯಾಮೆರಾದ ಗುಣವೂ ಅಲ್ಲ, ಬರೀ ಟೆಕ್ನಿಶಿಯನ್ನಿನ ಗುಣವೂ ಅಲ್ಲ. ವಾರ ವಾರ ತಪ್ಪದೆ ಬರುವ ಗಾಡಿ, ತಪ್ಪದೆ ಬರುವ ಅಮ್ಮ, ಫೋನ್ ನೋಡುವ ತಜ್ಞರು, ಎಲ್ಲ ಸೇರಿದ ಗುಣ. ಇದೇ ಕ್ಯಾಮೆರಾವನ್ನು ಕೊಂಡು ತಿಂಗಳಿಗೊಮ್ಮೆ ಮಾತ್ರ ಓಡಿಸುವವರಿಗೆ ಈ 0.4 ಸಿಗುವುದಿಲ್ಲ.

ಹಾಗೆಯೇ ಶೇ. 94.3 ಅನ್ನುವುದು ಮೂರನೇ ಹಂತದವರ ಅಂಕಿ. ಎರಡು ದಿನದ ಕಾರ್ಯಾಗಾರ ಮುಗಿಸಿ ಸರ್ಟಿಫಿಕೇಟ್ ಹಿಡಿದವರದ್ದಲ್ಲ. ಇದನ್ನು ನಕಲು ಮಾಡುವವರು ಮರೆಯುವುದೂ ಇದನ್ನೇ.

ಮಳೆ ಬರಲ್ಲ ಅನ್ನುವ ಜ್ಯೋತಿಷಿ

ಫೋನಿನ ಪರದೆಯಲ್ಲಿ ನೋಡಿ ಹೇಳಿದ ವರದಿ ನಂಬಬಹುದೇ ಅನ್ನುವುದು ಆಗ ದೊಡ್ಡ ಅನುಮಾನ. ಅದನ್ನೂ ಅಳೆದರು. ಐಫೋನಿನಲ್ಲಿ ನೋಡಿದ್ದಕ್ಕೂ ರೆಟ್‌ಕ್ಯಾಮ್ ಪರದೆಯಲ್ಲಿ ನೋಡಿದ್ದಕ್ಕೂ ಇದ್ದ ಹೊಂದಿಕೆಯನ್ನು ಕಪ್ಪಾ ಎಂಬ ಅಳತೆಯಲ್ಲಿ ಕೊಟ್ಟಿದ್ದಾರೆ. ಚಿಕಿತ್ಸೆ ಬೇಕಾಗುವಷ್ಟು ರೋಗ ತೀವ್ರವಾಗಿದ್ದಾಗ 0.96, ಸೌಮ್ಯವಾಗಿದ್ದಾಗ 0.94.

ಕಪ್ಪಾ ಯಾಕೆ, ಸುಮ್ನೆ ಶೇಕಡಾ ಯಾಕಲ್ಲ? ಜನವರಿಯಲ್ಲಿ ಚಿತ್ರದುರ್ಗದಲ್ಲಿ ಇಬ್ಬರು ಜ್ಯೋತಿಷಿಗಳು ದಿನಾ 'ಇವತ್ತು ಮಳೆ ಬರಲ್ಲ' ಅಂತ ಹೇಳುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರ ಮಾತೂ ಹೆಚ್ಚುಕಡಿಮೆ ನೂರಕ್ಕೆ ನೂರು ಹೊಂದುತ್ತದೆ. ಇಬ್ಬರಿಗೂ ಹವಾಮಾನ ಗೊತ್ತು ಅಂತ ಅರ್ಥವೇ? ಕಣ್ಣುಮುಚ್ಚಿ ಹೇಳಿದ್ದರೂ ಎಷ್ಟು ಹೊಂದುತ್ತಿತ್ತೋ ಅದನ್ನು ಕಳೆದು ಉಳಿದದ್ದನ್ನು ಹೇಳುವುದು ಕಪ್ಪಾ. 1 ಅಂದರೆ ಪೂರ್ತಿ ಹೊಂದಿಕೆ, 0 ಅಂದರೆ ಅದೃಷ್ಟದ ಹೊಂದಿಕೆ. 0.94 ಬಹಳ ಒಳ್ಳೆಯದು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು 0.94. ಮಗುವಿಗೆ ಹಸಿರು ಕೊಟ್ಟು ಕಳಿಸುವ ತೀರ್ಮಾನದಲ್ಲಿ ಟೆಕ್ನಿಶಿಯನ್ ಮತ್ತು ತಜ್ಞರ ನಡುವಿನ ಕಪ್ಪಾ ಕೂಡ 0.94. ಇದು ಯಾಕೆ ದೊಡ್ಡದು ಅಂದರೆ, ಕೆಂಪನ್ನು ಗುರುತಿಸುವುದು ಹಸಿರಿಗಿಂತ ಸುಲಭ. ನಡುಭಾಗದಲ್ಲೇ ನಾಳಗಳು ಉಬ್ಬಿ, ಹಾವಿನ ಹಾಗೆ ಸುತ್ತಿಕೊಂಡಿರುತ್ತವೆ. ಹಸಿರು ಹೇಳಬೇಕಾದರೆ ನಾಳ ಪೂರ್ತಿ ಅಂಚು ಮುಟ್ಟಿದೆ ಅಂತ ಕಾಣಬೇಕು. ಕ್ಯಾಮೆರಾಕ್ಕೆ ಕಷ್ಟವಾಗುವುದೇ ಅಂಚು. ಅಮೆರಿಕದಲ್ಲಿ ಸ್ಟ್ಯಾನ್‌ಫೋರ್ಡ್ ನಡೆಸಿದ ಸನ್‌ಡ್ರಾಪ್ ಎಂಬ ಇಂಥದೇ ಕಾರ್ಯಕ್ರಮ ಆರು ವರ್ಷದಲ್ಲಿ 608 ಶಿಶುಗಳನ್ನು ನೋಡಿತು. ಚಿಕಿತ್ಸೆ ಬೇಕಾದ ಒಂದು ಶಿಶುವೂ ತಪ್ಪಲಿಲ್ಲ. ಆದರೆ ಅಲ್ಲಿ ಆಸ್ಪತ್ರೆಯಿಂದ ಬಿಟ್ಟ ಮೇಲೆ ಪ್ರತಿ ಮಗುವನ್ನೂ ತಜ್ಞರು ತಲೆದೀಪ ಕಟ್ಟಿಕೊಂಡು ಮತ್ತೆ ನೋಡುತ್ತಿದ್ದರು. ಅಂದರೆ ಕ್ಯಾಮೆರಾಕ್ಕೆ ಹಸಿರು ಹೇಳುವ ಅಧಿಕಾರ ಇರಲಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 1257 ಶಿಶುಗಳ ಮೇಲೆ ನಡೆದ ಇ-ಆರ್‌ಒಪಿ ಅಧ್ಯಯನವೂ 2014ರಲ್ಲೇ ಬಂತು. ಅಲ್ಲಿ ವೈದ್ಯರಲ್ಲದವರು ಚಿತ್ರ ಓದಿ 'ತಜ್ಞರಿಗೆ ತೋರಿಸಬೇಕೇ ಬೇಡವೇ' ಅಂತ ಮಾತ್ರ ಹೇಳಬೇಕಿತ್ತು. ಸೆನ್ಸಿಟಿವಿಟಿ ಶೇ. 90, ಸ್ಪೆಸಿಫಿಸಿಟಿ ಶೇ. 87 ಬಂತು. ಕಿಡ್ರಾಪ್ ಅಂಕಿ ಇದಕ್ಕಿಂತ ಮೇಲಿದೆ ಅಂತ ಎದೆ ತಟ್ಟಿಕೊಳ್ಳಬೇಕಿಲ್ಲ. ಕೇಳಿದ ಪ್ರಶ್ನೆಯೇ ಬೇರೆ, ನೋಡಿದ ಶಿಶುಗಳೇ ಬೇರೆ. ತಜ್ಞರಿಲ್ಲದ ಊರಿನಲ್ಲಿ ಕಿಡ್ರಾಪ್‌ಗೆ ಹಸಿರು ಹೇಳದೆ ಬೇರೆ ದಾರಿ ಇರಲಿಲ್ಲ. ಹಾಗಾಗಿ ಅದನ್ನೂ ಅಳೆದು ತೋರಿಸಬೇಕಾಯಿತು.

ಒಂದು ತಕರಾರು ನನಗಿದೆ. ಕಾರ್ಯಕ್ರಮ ಕಟ್ಟಿದವರೇ ಅದರ ಮೌಲ್ಯಮಾಪನವನ್ನೂ ಮಾಡಿದರು. ಹೊಲ ಉತ್ತವನೇ ಬೆಳೆ ಅಳೆದ ಹಾಗೆ. ಸುಳ್ಳು ಹೇಳಿದರು ಅಂತಲ್ಲ ನನ್ನ ಮಾತು. ಆದರೆ ತಾವೇ ತರಬೇತಿ ಕೊಟ್ಟ ಟೆಕ್ನಿಶಿಯನ್, ತರಬೇತಿ ಕೊಟ್ಟ ಬಳಗದ ತಜ್ಞರ ಹಾಗೆಯೇ ಯೋಚಿಸುವುದು ಸಹಜ. ತಜ್ಞರೇ ತಪ್ಪಿದ್ದರೆ ಇಬ್ಬರೂ ಒಟ್ಟಿಗೆ ತಪ್ಪುತ್ತಾರೆ, ಕಪ್ಪಾ ಮಾತ್ರ ಎತ್ತರದಲ್ಲೇ ಇರುತ್ತದೆ. ತಜ್ಞರು ತಪ್ಪುತ್ತಾರೆಯೇ? ಅಮೆರಿಕದಲ್ಲಿ 2007ರಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಉತ್ತರ. 22 ಆರ್‌ಒಪಿ ತಜ್ಞರಿಗೆ 34 ಚಿತ್ರ ತೋರಿಸಿ, ನಾಳಗಳು ಅಪಾಯದ ಮಟ್ಟಕ್ಕೆ ಉಬ್ಬಿವೆಯೇ, ಅದರ ಹಿಂದಿನ ಮೆಟ್ಟಿಲಲ್ಲಿವೆಯೇ, ಎರಡೂ ಅಲ್ಲವೇ ಅಂತ ಕೇಳಿದರು. 22 ಜನರೂ ಒಂದೇ ಉತ್ತರ ಕೊಟ್ಟದ್ದು ನಾಲ್ಕೇ ಚಿತ್ರಕ್ಕೆ. ಅಕ್ಕಸಾಲಿಗನ ಒರೆಗಲ್ಲೇ ಹೀಗೆ ಅಲ್ಲಾಡುತ್ತಿದ್ದರೆ ಚಿನ್ನದ ಬಗ್ಗೆ ಎಷ್ಟು ಖಚಿತವಾಗಿ ಮಾತಾಡಬಹುದು?

ಬಾಣಂತನ ಲೆಕ್ಕಕ್ಕೆ ಬರುವುದಿಲ್ಲ

1601 ಶಿಶುಗಳು ಅಂದೆನಲ್ಲ, ಅವು ಕ್ಯಾಮೆರಾದ ಮುಂದೆ ಬಂದ ಶಿಶುಗಳು. ಬರದೇ ಹೋದವು ಯಾವ ಸೆನ್ಸಿಟಿವಿಟಿಯಲ್ಲೂ ಇಲ್ಲ. ಇದು ಈ ಅಧ್ಯಯನವೊಂದರ ಕೊರತೆ ಅಲ್ಲ. ಎಲ್ಲ ಸ್ಕ್ರೀನಿಂಗ್ ಲೆಕ್ಕಗಳೂ ಹೀಗೆಯೇ.

ನಮ್ಮ ಕಡೆ ಇದಕ್ಕೊಂದು ವಿಶೇಷ ಕಾರಣ ಇದೆ. 30 ದಿನದ ಗಡುವು ಬೀಳುವುದು ಸರಿಯಾಗಿ ಬಾಣಂತನದ ನಡುವೆ. ಮೂರು ತಿಂಗಳು ಬಾಣಂತಿ ಮನೆಯಿಂದ ಹೊರಗೆ ಕಾಲಿಡಬಾರದು, ಗಾಳಿ ಸೋಕಬಾರದು, ಮಗುವಿನ ಮೇಲೆ ಕಣ್ಣು ಬೀಳಬಾರದು. ಅದರಲ್ಲೂ ಏಳು ತಿಂಗಳಿಗೆ ಹುಟ್ಟಿದ ಮಗು ಅಂದರೆ ಅಜ್ಜಿ ಇನ್ನೂ ಬಿಗಿ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇರುವುದು ಗಂಡನ ಮನೆ ವಿಳಾಸ, ಗಂಡನ ಫೋನ್ ನಂಬರ್. ತಾಯಿ ಮಗು ಇರುವುದು ತವರಿನಲ್ಲಿ, ಬೇರೆ ತಾಲೂಕಿನಲ್ಲಿ, ಕೆಲವೊಮ್ಮೆ ಬೇರೆ ರಾಜ್ಯದಲ್ಲಿ. ಬೀದರಿನ ಸೊಸೆಯ ತವರು ಜಹೀರಾಬಾದಿನಲ್ಲೋ ಉದಗೀರಿನಲ್ಲೋ ಇದ್ದರೆ ಆಶ್ಚರ್ಯ ಇಲ್ಲ. ಸೋಮವಾರ ಗಾಡಿ ಬೀದರಿಗೆ ಬಂದು ಕಾದು ಹೋಗುತ್ತದೆ.

ಮೇಲಾಗಿ ಮಗುವಿನ ಕಣ್ಣು ನೋಡಲು ಚೆನ್ನಾಗೇ ಇರುತ್ತದೆ. ಪಾಪೆಯಲ್ಲಿ ಬಿಳಿ ಕಾಣುವ ಹೊತ್ತಿಗೆ ರೆಟಿನಾ ಕಿತ್ತು ಬಂದಿರುತ್ತದೆ. 'ಮಗು ದೀಪ ನೋಡ್ತಿಲ್ಲ' ಅಂತ ಅಜ್ಜಿಗೆ ಅನುಮಾನ ಬರುವಾಗ ಲೇಸರಿನ ಕಾಲ ದಾಟಿ ಎಷ್ಟೋ ವಾರ ಆಗಿರುತ್ತದೆ.

ಆದ್ದರಿಂದ ಇಂಥ ಕಾರ್ಯಕ್ರಮದ ಮೌಲ್ಯಮಾಪನದಲ್ಲಿ ನಾನು ಮೊದಲು ನೋಡಬಯಸುವ ಅಂಕಿ ಬೇರೆ. ಆ ಜಿಲ್ಲೆಯಲ್ಲಿ 2000 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿ ಬದುಕುಳಿದ ಮಕ್ಕಳು ಎಷ್ಟು? ಅದರಲ್ಲಿ 30ನೇ ದಿನದೊಳಗೆ ಒಮ್ಮೆಯಾದರೂ ಕಣ್ಣು ತೋರಿಸಿದವರು ಎಷ್ಟು? ಕಿತ್ತಳೆ ಅಂತ ಹೇಳಿ ಕಳಿಸಿದವರಲ್ಲಿ ಮತ್ತೆ ಬಂದವರು ಎಷ್ಟು? ಕ್ಯಾಮೆರಾದ ಸೆನ್ಸಿಟಿವಿಟಿ ಶೇ. 96 ಇದ್ದು, ಅರ್ಧ ಮಕ್ಕಳು ಬಾರದಿದ್ದರೆ ಆ ಜಿಲ್ಲೆಯ ಸೆನ್ಸಿಟಿವಿಟಿ 48. ಮಗು ಆಸ್ಪತ್ರೆಯಲ್ಲಿ ಇರುವಾಗಲೇ ಮೊದಲ ತಪಾಸಣೆ ಮುಗಿಸಿಬಿಡುವುದು, ತವರಿನ ನಂಬರ್ ಬರೆದುಕೊಳ್ಳುವುದು, ಆಶಾ ಕಾರ್ಯಕರ್ತೆಗೆ ಚೀಟಿ ಕೊಡುವುದು. ಇವೆಲ್ಲ ಯಾವ ಉಪಕರಣದ ಕರಪತ್ರದಲ್ಲೂ ಇರುವುದಿಲ್ಲ.

ತಪ್ಪಿದರೆ ಯಾರ ತಲೆಗೆ ಅನ್ನುವ ಪ್ರಶ್ನೆಗೆ 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಉತ್ತರ ಕೊಟ್ಟಿತು. ತಮಿಳುನಾಡಿನಲ್ಲಿ 1996ರಲ್ಲಿ 29 ವಾರಕ್ಕೆ, 1250 ಗ್ರಾಂ ತೂಕದಲ್ಲಿ ಹುಟ್ಟಿದ ಹೆಣ್ಣುಮಗು. ಸರ್ಕಾರಿ ಆಸ್ಪತ್ರೆಯಲ್ಲಿ ಯಾರೂ ಕಣ್ಣು ತಪಾಸಣೆ ಮಾಡಲಿಲ್ಲ, ಮಾಡಿಸಿ ಅಂತಲೂ ಹೇಳಲಿಲ್ಲ. ದೃಷ್ಟಿ ಪೂರ್ತಿ ಹೋಯಿತು. ಕೋರ್ಟ್ ಕೊಡಿಸಿದ ಪರಿಹಾರ ಸುಮಾರು 1.8 ಕೋಟಿ ರೂಪಾಯಿ. ಆ ತೀರ್ಪಿನ ಮೇಲೆ ಆರ್‌ಒಪಿ ತಪಾಸಣೆಯನ್ನು 'ಇದ್ದರೆ ಒಳ್ಳೆಯದು' ಅಂತ ತಳ್ಳಿಹಾಕುವ ಹಾಗಿಲ್ಲ. ಆದರೆ ಟೆಕ್ನಿಶಿಯನ್ ಹಸಿರು ಅಂದು, ತಜ್ಞರು ಫೋನಿನಲ್ಲಿ ಒಪ್ಪಿ, ಆಮೇಲೆ ಕಣ್ಣು ಹೋದರೆ ಹೊಣೆ ಯಾರದು? ಸಹಿ ಹಾಕಿದ ತಜ್ಞರದೇ ಅಂತ ನನ್ನ ಅಭಿಪ್ರಾಯ. ಯಂತ್ರ ಒಪ್ಪಿಕೊಳ್ಳುವ ಮೊದಲು ಇದನ್ನು ಬರೆದಿಡಬೇಕು.

ಹೊಸ ಕ್ಯಾಮೆರಾ, ಆಮೇಲೆ ಎಐ

ಬೆಂಗಳೂರಿನದೇ ಫೋರಸ್ ಹೆಲ್ತ್ ಕಂಪನಿ ಆಮೇಲೆ 3ನೇತ್ರ ನಿಯೋ ಎಂಬ ಅಗ್ಗದ ಶಿಶು ಕ್ಯಾಮೆರಾ ಮಾಡಿತು. ನೋಟದ ಅಗಲ 120 ಡಿಗ್ರಿ. ರೆಟ್‌ಕ್ಯಾಮ್‌ಗಿಂತ ಹತ್ತು ಕಡಿಮೆ. ಈ ಹತ್ತು ಡಿಗ್ರಿ ಮುಖ್ಯವೇ? ಕೆಂಪಿಗೆ ಬಹುಶಃ ಅಲ್ಲ, ನಡುಭಾಗ ಎರಡರಲ್ಲೂ ಕಾಣುತ್ತದೆ. ಹಸಿರಿಗೆ ಮುಖ್ಯ ಆಗಬಹುದು, ಯಾಕೆಂದರೆ ಅಂಚಿಗಾಗಿ ಇನ್ನೂ ಸ್ವಲ್ಪ ಜಾಸ್ತಿ ವಾಲಿಸಬೇಕು, ಅದು ಕೈಯ ಪಳಗಿಕೆ. ಹಾಗಾಗಿ ಕ್ಯಾಮೆರಾ ಬದಲಾದರೆ ಟೆಕ್ನಿಶಿಯನ್ನಿಗೂ ಮತ್ತೆ ಪರೀಕ್ಷೆ ಮಾಡಬೇಕು. ಹಳೇ ಕ್ಯಾಮೆರಾದ ಅಂಕಪಟ್ಟಿ ಹೊಸದಕ್ಕೆ ನಡೆಯುವುದಿಲ್ಲ.

ಎಐ ಬಗ್ಗೆ ಎಲ್ಲರೂ ಕೇಳುತ್ತಾರೆ. 2018ರಲ್ಲಿ ಅಮೆರಿಕದ ಒಂದು ತಂಡ 5511 ಚಿತ್ರಗಳ ಮೇಲೆ ಕಲಿಸಿದ ಪ್ರೋಗ್ರಾಂ, ಬೇರೆ 100 ಚಿತ್ರಗಳ ಪರೀಕ್ಷೆಯಲ್ಲಿ ಎಂಟು ತಜ್ಞರಲ್ಲಿ ಆರು ಜನರನ್ನು ಮೀರಿಸಿತು. ನಾಳಗಳ ಉಬ್ಬನ್ನು ಗುರುತಿಸುವುದರಲ್ಲಿ ಸೆನ್ಸಿಟಿವಿಟಿ ಶೇ. 93, ಸ್ಪೆಸಿಫಿಸಿಟಿ ಶೇ. 94. ತಜ್ಞರ ನಡುವೆಯೇ ಅಷ್ಟು ಭಿನ್ನಮತ ಇರುವಾಗ, ಒಂದೇ ಚಿತ್ರಕ್ಕೆ ಬೆಳಿಗ್ಗೆ ಸಂಜೆ ಒಂದೇ ಉತ್ತರ ಕೊಡುವ ಯಂತ್ರಕ್ಕೆ ಬೆಲೆ ಇದ್ದೇ ಇದೆ. ಆದರೆ ಅದಕ್ಕೆ ಕೊಟ್ಟದ್ದು ನಡುಭಾಗದ ಚಿತ್ರ. ಅಂಚಿನ ಮಾತೇ ಅಲ್ಲಿಲ್ಲ. ಮತ್ತೆ ಚಿತ್ರ ಚೆನ್ನಾಗಿರಬೇಕು. ಥಾಯ್ಲೆಂಡಿನ 11 ಕ್ಲಿನಿಕ್‌ಗಳಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣು ನೋಡಲು ಗೂಗಲ್‌ನ ಎಐ ಇಟ್ಟಾಗ, ಮೊದಲ ಆರು ತಿಂಗಳ 1838 ಚಿತ್ರಗಳಲ್ಲಿ ಶೇ. 21ನ್ನು ಅದು 'ಓದಲಾಗದು' ಅಂತ ವಾಪಸ್ ಕಳಿಸಿತು. ಲ್ಯಾಬಿನಲ್ಲಿ ಚೆನ್ನಾಗಿ ಓದುತ್ತಿದ್ದ ಯಂತ್ರವೇ ಅದು. ಹೆಚ್ಚಿನ ಕ್ಲಿನಿಕ್‌ಗಳಲ್ಲಿ ಕತ್ತಲೆ ಕೋಣೆ ಇರಲಿಲ್ಲ. ಅಳುವ ಒಂದೂವರೆ ಕಿಲೋ ಮಗುವಿನ ಮುಂದೆ ಈ ಶೇಕಡಾ ಎಷ್ಟಾಗುತ್ತದೋ ಊಹಿಸಿಕೊಳ್ಳಿ.

ನಾಳೆ ನಮ್ಮ ಜಿಲ್ಲಾ ಆಸ್ಪತ್ರೆಗೆ ಇಂಥ ಎಐ ಬಂದರೆ ಬೇಡ ಅನ್ನಬೇಕಿಲ್ಲ. ಮೊದಲು ಕೆಂಪಿಗೆ ಮಾತ್ರ ಬಳಸಲಿ. ಅದು ಕೆಂಪು ಅಂದ ಮಗುವಿನ ಚಿತ್ರ ತಜ್ಞರ ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಬರಲಿ. ಹಸಿರನ್ನು ಮೂರನೇ ಹಂತದ ಟೆಕ್ನಿಶಿಯನ್ ಮತ್ತು ತಜ್ಞರೇ ಹೇಳಲಿ. ಒಂದು ವರ್ಷ ಎರಡನ್ನೂ ಜತೆಜತೆಗೆ ಬರೆದಿಟ್ಟುಕೊಳ್ಳಲಿ. ಹಸಿರು ಸಿಕ್ಕಿ ಮನೆಗೆ ಹೋದ ಮಕ್ಕಳಲ್ಲಿ ಹತ್ತಕ್ಕೊಂದನ್ನು ಚೀಟಿ ಎತ್ತಿ ಆರಿಸಿ, ವಾರದ ಮೇಲೆ ಕರೆಸಿ, ತಜ್ಞರು ತಲೆದೀಪ ಕಟ್ಟಿಕೊಂಡು ನೋಡಲಿ, ಯಾವ ಯಂತ್ರ ಏನು ಹೇಳಿತ್ತು ಅಂತ ಅವರಿಗೆ ಗೊತ್ತಿರದ ಹಾಗೆ. ಈ ಮಕ್ಕಳ ಅಮ್ಮಂದಿರ ಬಸ್ ಚಾರ್ಜು, ಜತೆಗೆ ಬರುವ ಅಜ್ಜಿಯ ಬಸ್ ಚಾರ್ಜು, ಎರಡನ್ನೂ ಯಂತ್ರ ಕೊಳ್ಳುವ ಟೆಂಡರ್‌ನಲ್ಲೇ ಸೇರಿಸಿರಬೇಕು.